ಭೀಮ ಗುರುಗುಟ್ಟಿದ್ದು ಯಾಕೆ?

'ಒಂದು ಸಲವಾದರೂ ಅದರ ಮುಖ ನೋಡ್ರಿ!'

ವಿದ್ಯಾವತಿ ಹಾಗೆ ಕೂಗಲಿಲ್ಲ. ಕೂಗಬೇಕು ಅಂದುಕೊಂಡಳು, ಅಷ್ಟೇ. ಎರಡು ವರ್ಷದಿಂದ ಅವಳ ಮಾತೆಲ್ಲ ಹೀಗೆ ಗಂಟಲಲ್ಲೇ ಉಳಿಯುತ್ತಿತ್ತು.

ಶರಣಸಿರಸಗಿ ಊರಂಚಿನಲ್ಲಿ ಅವಳು ನೋಡಿಕೊಳ್ಳುತ್ತಿದ್ದ ಪ್ರಾಣಿ ಆಶ್ರಯದ ಗೇಟಿನಲ್ಲಿ ನಿಂತವನ ಹೆಸರು ಅಮರನಾಥ. ಕಮಲಾಪುರದ ಬಾಳೆ ತೋಟದವನು. ಅವನ ಕೈಯ ಹಗ್ಗದ ತುದಿಯಲ್ಲಿ ಕರಿ ಮೈಯ, ಕಂದು ಹುಬ್ಬಿನ, ಕರುವಿನಷ್ಟು ದೊಡ್ಡ ರಾಟ್‌ವೀಲರ್ ನಾಯಿ.

"ಹೆಸರೇನ್ರಿ?"

"ಭೀಮ."

"ಬಿಡೋ ಕಾರಣ?"

"ನಮ್ಮವ್ವ ಮೈ ಸವರಿದ್ರ ಗುರ್ರ್ ಅಂತದ್ರಿ. ಮೂರು ಸಲ ಆತು. ಹೆದರಿ ಜ್ವರ ಬಂದು ಮಲಗ್ಯಾಳ."

'ಮನುಷ್ಯರ ಮೇಲೆ ಗುರುಗುಟ್ಟುತ್ತದೆ' ಎಂದು ವಿದ್ಯಾವತಿ ಫಾರ್ಮಿನಲ್ಲಿ ಬರೆದಳು. ಅವನು ಸಹಿ ಹಾಕಿ, ನಾಯಿಯ ತಲೆ ಕೂಡ ಮುಟ್ಟದೆ ನಡೆದುಬಿಟ್ಟ!

'ಎಂಥ ಕಲ್ಲು ಮನುಷ್ಯ...'

ಅನಿಸಿತೇ ಹೊರತು ಸಿಟ್ಟು ಬರಲಿಲ್ಲ. ಅವಳಿಗೆ ಸಿಟ್ಟು, ನಗು, ಅಳು ಯಾವುದೂ ಬಂದು ಬಹಳ ದಿನವಾಗಿತ್ತು. ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಕೋಣೆಯಲ್ಲಿ ಗಡಿಯಾರ ನೋಡಿ ಉಣ್ಣುತ್ತಿದ್ದಳು. ಹಸಿವು ಅನ್ನುವುದೇ ಮರೆತುಹೋಗಿತ್ತು.

ಆಶ್ರಯದಲ್ಲಿ ಆಗ ಹನ್ನೊಂದು ನಾಯಿ. ಅದರಲ್ಲಿ ಐದು ರಾಟ್‌ವೀಲರ್, ಮೂರು ಪಿಟ್‌ಬುಲ್. ಯಾಕೆ ಅಂತೀರಾ? ಮರಿ ಇದ್ದಾಗ ಮೀಸೆ ತಿರುವಿ ಕೊಂಡು ತರುತ್ತಾರೆ, ಓಣಿಯವರಿಗೆ ತೋರಿಸಲಿಕ್ಕೆ! ಬೆಳೆದ ಮೇಲೆ ಹಗಲು ರಾತ್ರಿ ಸರಪಳಿ. ಟಿವಿಯವರು 'ಅಪಾಯಕಾರಿ ತಳಿ' ಅಂತ ಒದರಿದ ಮರುದಿನ ಮನೆ ಮಾಲೀಕ ಬೇಡ ಅಂತಾನೆ, ನೆಂಟರು ಬಾಗಿಲಲ್ಲೇ ನಿಲ್ಲುತ್ತಾರೆ. ನಾಯಿ ಏನೂ ಮಾಡಿರುವುದಿಲ್ಲ ಕಣ್ರೀ. ಅದರ ಹೆಸರೇ ಅದಕ್ಕೆ ಶತ್ರು.

ವಿದ್ಯಾವತಿಗೆ ಇದು ಬೇರೆಯವರು ಹೇಳಿ ಗೊತ್ತಾಗಬೇಕಿರಲಿಲ್ಲ. ದಿನಾ ಹೊಡೆಯುತ್ತಿದ್ದ ಗಂಡನನ್ನು ಬಿಟ್ಟು ಬಂದವಳು ಅವಳು. ಊರು ಹೊಡೆತವನ್ನು ಕೇಳಲಿಲ್ಲ, 'ಗಂಡನ್ನ ಬಿಟ್ಟಾಕಿ' ಎಂದು ಹೆಸರಿಟ್ಟಿತು. ಅಂದಿನಿಂದ ಅವಳೊಳಗೆ ಎಲ್ಲವೂ ಜೋಮು ಹಿಡಿದಂತಾಗಿತ್ತು.

ಮುಂದಿನ ಗುರುವಾರ ಕಾವಲುಗಾರ ಸಿಕಂದರ್ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿಟ್ಟ.

"ಮೇಡಂ, ಕಮಲಾಪುರದವ್ರು ಕೊಟ್ಟು ಹೋದ್ರು. ಭೀಮನಿಗಂತ. ಒಳಗ ಬರ್ರಿ ಅಂದ್ರ ಬರಲಿಲ್ಲ."

"ಪಾಪ ತೊಳಕೊಳ್ಳಾಕ ಹಣ್ಣು! ಅವ್ರ ಕೈ ವಾಸನಿ ಬಂದ್ರ ಭೀಮ ಇನ್ನಷ್ಟು ಕೊರಗತಾನ. ಉಳಿದವಕ್ಕ ಹಾಕು ಸಿಕಂದರ್."

ಪ್ರತಿ ಗುರುವಾರ ಹಣ್ಣು ಬಂತು. ಭೀಮನಿಗೆ ಒಂದೂ ಸಿಗಲಿಲ್ಲ. ಅವನು ಒಂದೆರಡು ತುತ್ತು ತಿಂದು ತಟ್ಟೆ ಬಿಟ್ಟು, ಗೇಟನ್ನೇ ನೋಡುತ್ತ ಸೊರಗಿದ. ಸಾಕಲು ಬಂದ ಎರಡು ಮನೆಯವರು ಫಾರ್ಮಿನ ಆ ಸಾಲು ಓದಿ ಹೌಹಾರಿ ಹಿಂದಿರುಗಿದರು.

"ಇನ್ನು ಹತ್ತು ದಿನ ಹಿಂಗ ಅರೆಹೊಟ್ಟಿ ಇದ್ರ ಉಳಿಯಂಗಿಲ್ಲ," ಎಂದರು ಡಾಕ್ಟರು.

ಅವತ್ತು ಮಧ್ಯಾಹ್ನ ವಿದ್ಯಾವತಿ ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತಳು. ಏನೂ ಯೋಚಿಸಲಿಲ್ಲ. ಅವಳ ಕೈ ತಾನಾಗಿಯೇ ಅವನ ಕಿವಿಯ ಹಿಂದೆ ಸವರಿತು.

ಗುರ್ರ್ರ್...

ಅವಳ ಕೈ ನಿಂತಿತು. ಸದ್ದೂ ನಿಂತಿತು.

ಆದರೆ ಭೀಮ ಹಲ್ಲು ಕಿರಿದಿರಲಿಲ್ಲ. ಕಣ್ಣು ಅರೆಮುಚ್ಚಿ, ಇಡೀ ಭಾರವನ್ನು ಅವಳ ಕಾಲ ಮೇಲೆ ಹೇರಿ, ಮೂಗಿನಿಂದ ಅವಳ ಕೈಯನ್ನು ಎತ್ತುತ್ತಿದ್ದ. ಮತ್ತೆ ಸವರಿದಳು. ಮತ್ತೆ ಗುರ್ರ್...

'ಅಯ್ಯೋ! ಇದು ಸಿಟ್ಟಲ್ಲ... ಇದು ಇವನ ಖುಷಿ!'

ಅಮರನಾಥನ ತಾಯಿ ಪ್ರೀತಿಯಿಂದ ಸವರಿದಾಗ ಅವನು ತನಗೆ ಬಂದ ಭಾಷೆಯಲ್ಲಿ ಉತ್ತರ ಕೊಟ್ಟಿದ್ದ. ಅದಕ್ಕೇ ಮನೆ ಕಳೆದುಕೊಂಡ. ಆ ಸಾಲು ಬರೆದವಳು ಯಾರು? ತಾನೇ! ಊರು ತನಗೆ ಮಾಡಿದ್ದನ್ನು ತಾನು ಇವನಿಗೆ ಮಾಡಿದ್ದಳು.

ಎರಡು ವರ್ಷದ ನಂತರ ಅವಳ ಕಣ್ಣಿಂದ ಒಂದು ಹನಿ ಬಿತ್ತು. ಒಂದೇ ಒಂದು.

"ಸಿಕಂದರ್, ಆಟೋ ತಗಿ. ಕಮಲಾಪುರಕ್ಕ ಹೋಗೂಣು!"

ತೋಟದ ಮನೆ ಮುಂದೆ ಆಟೋ ನಿಂತಾಗ ಭೀಮ ಹಾರಿ, ಅಮರನಾಥನ ಎದೆಗೇ ಕಾಲು ಕೊಟ್ಟ. ಕಲ್ಲು ಮನುಷ್ಯ ಮಣ್ಣಲ್ಲೇ ಕೂತು, ಅದರ ಕುತ್ತಿಗೆ ತಬ್ಬಿ ಬಿಕ್ಕಿದ.

"ಅವತ್ತು ಇದರ ಮುಖ ಯಾಕ ನೋಡಲಿಲ್ರಿ?" ವಿದ್ಯಾವತಿ ಕೇಳಿದಳು.

"ನೋಡಿದ್ರ ವಾಪಸ್ ಕರಕೊಂಡು ಬರ್ತಿದ್ದೆ ರೀ... ಮನ್ಯಾಗ ಅವ್ವ ನಡುಗಾಕತ್ತಿದ್ಲು."

ಬಾಗಿಲಲ್ಲಿ ಅವನ ತಾಯಿ ಶಿವಕಾಂತಮ್ಮ ಸೆರಗು ಬಿಗಿಹಿಡಿದು ನಿಂತಿದ್ದರು. ವಿದ್ಯಾವತಿ ಅವರ ಕೈಯನ್ನು ತನ್ನ ಕೈಯೊಳಗೆ ಹಿಡಿದು ಭೀಮನ ಕಿವಿಯ ಹಿಂದೆ ತಂದಳು.

ಗುರ್ರ್ರ್...

"ಯಪ್ಪಾ!"

"ಕೈ ತಗೀಬ್ಯಾಡ್ರಿ ಅವ್ವಾರ. ಅದರ ಕಣ್ಣು ನೋಡ್ರಿ. ಸಿಟ್ಟಿಗೆದ್ದವ್ರು ಹಿಂಗ ತೂಕಡಸ್ತಾರೇನ್ರಿ?"

ಮುದುಕಿ ನೋಡಿದರು. ಕೈ ತೆಗೆದರು, ಸದ್ದು ನಿಂತಿತು. ಇಟ್ಟರು, ಬಂತು.

"ಶಿವನ ಶಿವನ! ನನ್ನ ಮಗನ... ನೀ ಮಾತಾಡಾಕತ್ತಿದ್ದೇನೋ! ನಾನು ನಿನ್ನ ಹೊರಗ ಹಾಕಿದೆನಲ್ಲೋ!"

ಅವರು ಒಣಗಿಸಿದ ಜೋಳದ ಕಟಕ ರೊಟ್ಟಿ ಹಾಲಲ್ಲಿ ನೆನೆಸಿ ತಂದರು. ಭೀಮ ತಟ್ಟೆ ನೆಕ್ಕಿ ನೆಕ್ಕಿ ಉಂಡ.

ಬಾಳೆಯ ನೆರಳಲ್ಲಿ ಇಬ್ಬರೇ ಉಳಿದಾಗ ಅಮರನಾಥ ತಲೆ ತಗ್ಗಿಸಿ ಹೇಳಿದ, "ಗುರುವಾರ ಬರ್ತಿದ್ದದ್ದು ಬರೇ ಭೀಮನ ಸಲುವಾಗಿ ಅಲ್ರಿ. ಅವನಿಗೆ ಕಾಣದಂಗ ಗೇಟಿನ ಸಂದಿಯಿಂದ ನೋಡ್ತಿದ್ದೆ. ಯಾರಿಗೂ ಬ್ಯಾಡಾದ ಜೀವಕ್ಕ ನೀವು ನೀರು ಇಡೋದು... ನೀವು ಒಮ್ಮೆನೂ ನಗಲಾರದ್ದು... ರಾತ್ರಿ ನಿದ್ದಿ ಬರ್ತಿದ್ದಿಲ್ಲ."

ಅವಳು ಬಾಳೆಯ ಬುಡಕ್ಕೆ ಕುಳಿತು ಮೆಲ್ಲಗೆ ಹೇಳಿದಳು, "ನನ್ನ ಮ್ಯಾಲೂ ಮಂದಿ ಒಂದು ಸಾಲು ಬರದಾರ್ರಿ. ಗಂಡನ್ನ ಬಿಟ್ಟಾಕಿ ಅಂತ. ಓದಿದವ್ರು ಯಾರೂ ನಿಲ್ಲಂಗಿಲ್ಲ."

"ಬರದವ್ರು ಒಮ್ಮೆಯಾದ್ರೂ ನಿಮ್ಮ ಬಾಜೂಕ ಕುಂತು ನೋಡ್ಯಾರೇನ್ರಿ?"

ಅವನು ಬಂದು, ಒಂದು ಮೊಳ ದೂರದಲ್ಲಿ ಕುಳಿತ.

"ನಾ ಕುಂತೀನಿ. ನೀವು ಏಳು ಅನ್ನೋತನಕ ಕುಂತೇ ಇರ್ತೀನಿ."

"ನನಗ ಪ್ರೀತಿ ಗೀತಿ ಅಂತ ಇನ್ನೂ ಏನೂ ಅನಸವಲ್ದು ರೀ... ಸುಳ್ಳು ಹೇಳಂಗಿಲ್ಲ."

"ಬ್ಯಾಡ್ರಿ. ಅವಸರ ಏನದ?"

ಅಂಗಳದಲ್ಲಿ ಶಿವಕಾಂತಮ್ಮನ ತೊಡೆಯ ಮೇಲೆ ಭೀಮ ಗುರುಗುಟ್ಟುತ್ತಲೇ ಇದ್ದ. ವಿದ್ಯಾವತಿ ಬಹಳ ಹೊತ್ತು ಅದನ್ನೇ ಕೇಳುತ್ತ ಕೂತಳು. ತನ್ನ ಹೊಟ್ಟೆಯಲ್ಲಿ ಏನೋ ಚುರುಗುಟ್ಟಿದಂತಾಗಿ ಬೆಚ್ಚಿದಳು.

"ಅಮರನಾಥ..."

"ಏನ್ರಿ?"

"ನನಗ... ಹಸಿವಾಗೇದ."

ಅವನು ಪಕ್ಕದ ಬುಟ್ಟಿಯಿಂದ ಒಂದು ಕೆಂಪು ಬಾಳೆಹಣ್ಣು ಸುಲಿದು, ಅರ್ಧ ಮುರಿದು ಅವಳ ಕೈಗಿಟ್ಟ.

"ಉಳಿದದ್ದು?"

"ನೀವು ಏಳು ಅನ್ನಲಿಲ್ಲಲ್ಲ... ಇಲ್ಲೇ ಕುಂತು ನಾ ತಿಂತೀನಿ."