ಹನ್ನೊಂದನೇ ಸಾಲು

ಬುಧವಾರ ಮಧ್ಯಾಹ್ನ 2.40ಕ್ಕೆ ವರ್ತಕರ ಸಂಘದ ಕಾರ್ಯದರ್ಶಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ದೂರು ಠಾಣೆಯ ಮೇಲೆಯೇ ಇತ್ತು.

"ಕೊಲೆಗಾರನಿಗೆ ಶಿಕ್ಷೆಯಾಗಿ ಎರಡು ದಿನ ಆಗಿಲ್ಲ. ಅಳಿಸಿದ ಹೆಸರನ್ನ ಮತ್ತೆ ಬರೆಸಿದ್ದೀರಲ್ಲ ಮೇಡಂ, ಏನಿದು?"

ಇನ್‌ಸ್ಪೆಕ್ಟರ್ ಎದ್ದು ಹೋಗಿ ನೋಡಿದರು. ಆಕೆ ಈ ಠಾಣೆಗೆ ಬಂದು ಮೂರು ತಿಂಗಳಾಗಿತ್ತು. ಬಾಗಿಲ ಪಕ್ಕದ ಗೋಡೆಯಲ್ಲಿ ಇದುವರೆಗಿನ ಠಾಣಾಧಿಕಾರಿಗಳ ಹೆಸರು ಬರೆದ ಕಪ್ಪು ಬೋರ್ಡು. ಪ್ರತಿ ಹೆಸರಿನ ಮುಂದೆ ಎಂದಿನಿಂದ ಎಂದಿನವರೆಗೆ ಎಂಬ ತಾರೀಖು. ಹನ್ನೊಂದನೇ ಸಾಲು, ಊರೆಲ್ಲ 'ಮೀಸೆ ಸಾಹೇಬರು' ಎನ್ನುತ್ತಿದ್ದ ಅಧಿಕಾರಿಯದು. ಲಾಕಪ್ಪಿನಲ್ಲಿ ಒಬ್ಬ ಯುವಕನನ್ನು ಹೊಡೆದು ಕೊಂದದ್ದಕ್ಕೆ ಸೋಮವಾರ ನ್ಯಾಯಾಲಯ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತ್ತು. ಮಂಗಳವಾರ ಮೇಲಧಿಕಾರಿಗಳ ಫೋನು ಬಂದು, ಠಾಣೆಯವರೇ ಆ ಸಾಲಿಗೆ ಕಪ್ಪು ಬಣ್ಣ ಬಳಿದಿದ್ದರು. ಈಗ ಅದೇ ಹೆಸರು ಅದೇ ಜಾಗದಲ್ಲಿ, ಬಿಳಿ ಬಣ್ಣ ಇನ್ನೂ ಆರದೆ, ಮತ್ತೆ ಕೂತಿತ್ತು.

ಸೋಮವಾರದಿಂದ ಊರು ಎರಡು ಹೋಳಾಗಿತ್ತು. ಕ್ಷೌರದಂಗಡಿಯಲ್ಲಿ ಕತ್ತರಿಗಿಂತ ನಾಲಿಗೆಯೇ ಚುರುಕು. "ಕಳ್ಳಕಾಕರ ಎದೆ ನಡುಗಿಸಿದ ಮನುಷ್ಯ, ಅವರಿಗೇ ಹೀಗಾ?" ಎನ್ನುವವರು ಕೆಲವರು, "ಉಪ್ಪು ತಿಂದವನು ನೀರು ಕುಡೀಲೇಬೇಕು" ಎನ್ನುವವರು ಕೆಲವರು. ಬೋರ್ಡಿನ ಫೋಟೋ ಮೊಬೈಲಿಂದ ಮೊಬೈಲಿಗೆ ಹೋಗಿ ಎರಡೂ ಕಡೆಯವರು ಗೇಟಿನ ಮುಂದೆ ಜಮಾಯಿಸಿದರು. ಬರೆದವರು ಪೊಲೀಸರೇ ಎಂಬ ಒಂದು ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ. ಒಂದು ಕಡೆಯವರು ಅದಕ್ಕೆ ಚಪ್ಪಾಳೆ ತಟ್ಟಿದರು, ಇನ್ನೊಂದು ಕಡೆಯವರು ಧಿಕ್ಕಾರ ಕೂಗಿದರು.

3.05ಕ್ಕೆ ಸಾರ್ವಜನಿಕ ಸ್ವತ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. 3.10ಕ್ಕೆ ಮೇಲಧಿಕಾರಿಗಳ ಫೋನು: "ಸಂಜೆಯೊಳಗೆ ಆರೋಪಿ ಸಿಗಬೇಕು. ಇಲ್ಲಾಂದ್ರೆ ಮಧ್ಯಾಹ್ನ ಸೆಂಟ್ರಿ ಡ್ಯೂಟಿಲಿದ್ದವನು ಅಮಾನತು."

ಇಬ್ಬರು ಪಂಚರ ಎದುರು ಬೋರ್ಡಿನ ಪಂಚನಾಮೆ ಶುರುವಾಯಿತು. ಠಾಣೆಯ ಕಾಗದಪತ್ರವೆಲ್ಲ ನೋಡಿಕೊಳ್ಳುವ ರೈಟರು ಬರೆದುಕೊಳ್ಳುತ್ತಿದ್ದರು.

"ರೈಟ್ರೇ, ಮೀಸೆ ಸಾಹೇಬರು ಇಲ್ಲಿಂದ ಹೋಗಿದ್ದು ಯಾವತ್ತು?"

"೨೧ನೇ ತಾರೀಖು. ರಿಜಿಸ್ಟರಲ್ಲಿದೆ ನೋಡಿ ಮೇಡಂ."

"ಬೋರ್ಡಲ್ಲಿ ೧೨ ಅಂತಿದೆ."

"ಅಂಕಿ ಹಿಂದುಮುಂದಾಗಿದೆ ಬಿಡಿ. ಕದ್ದು ಬರೆಯೋನ ಕೈ ನಡುಗಲ್ವಾ?"

ನಡುಗಿದ ಕೈಯ ಬರವಣಿಗೆ ಅದಾಗಿರಲಿಲ್ಲ. ತಲೆಕಟ್ಟುಗಳೆಲ್ಲ ನೂಲು ಹಿಡಿದಂತೆ ಒಂದೇ ಗೆರೆಯಲ್ಲಿದ್ದವು. ಇಷ್ಟು ನೆಟ್ಟಗೆ ಬರೆಯುವವನು ಎರಡು ಅಂಕಿಯಲ್ಲಿ ಎಡವುತ್ತಾನೆಯೇ? ಇನ್‌ಸ್ಪೆಕ್ಟರಿಗೆ ಕುತೂಹಲ ತಡೆಯಲಾಗಲಿಲ್ಲ. ತೀರ್ಪಿನ ಪ್ರತಿ ತರಿಸಿ ಓದಿದರು. ಯುವಕ ಸತ್ತ ದಿನ ಎರಡನೇ ಪುಟದಲ್ಲಿತ್ತು. ಅದೇ ತಿಂಗಳ ೧೨.

"ಮೀಸೆ ಸಾಹೇಬರ ಅಭಿಮಾನಿಗಳು ಈ ತಾರೀಖು ಬರೀತಾರಾ ರೈಟ್ರೇ?"

ರೈಟರು ಕನ್ನಡಕ ತೆಗೆದು ಒರೆಸತೊಡಗಿದರು.

ಸೆಂಟ್ರಿ ಡ್ಯೂಟಿಯಲ್ಲಿದ್ದ ಕಾನ್‌ಸ್ಟೆಬಲ್ ಹೋದ ತಿಂಗಳಷ್ಟೇ ವರ್ಗವಾಗಿ ಬಂದವನು. ಅಮಾನತಿನ ಸುದ್ದಿ ಕೇಳಿ ಮುಖ ಇಳಿಬಿಟ್ಟಿದ್ದ.

"ಊಟದ ಹೊತ್ತಲ್ಲಿ ಒಳಗೆ ಯಾರು ಬಂದ್ರು?"

"ಹೊರಗಿನವರು ಯಾರೂ ಇಲ್ಲ ಮೇಡಂ."

"ಬಣ್ಣ ತಾನಾಗೇ ನಡ್ಕೊಂಡು ಬಂತಾ?"

"ಬೋರ್ಡ್ ಬರೆಯೋ ಅಜ್ಜ ಬಂದಿದ್ರು. ಒಂದು ಸಾಲು ಹೋಗಿದೆ, ಸರಿ ಮಾಡ್ಬೇಕು ಅಂದ್ರು. ನೀವೇ ಕರೆಸಿದ್ದೀರಿ ಅಂದ್ಕೊಂಡೆ."

"ಆ ಸ್ಟೂಲು ಅಲ್ಲಾಡುತ್ತೆ. ಆ ವಯಸ್ಸಲ್ಲಿ ಹೇಗೆ ಹತ್ತಿದ್ರು?"

ಕಾನ್‌ಸ್ಟೆಬಲ್ ನೆಲ ನೋಡಿದ. "ನಾನೇ ಹಿಡ್ಕೊಂಡಿದ್ದೆ ಮೇಡಂ."

ಬೇರೆ ದಿನವಾಗಿದ್ದರೆ ಠಾಣೆಯೆಲ್ಲ ನಗುತ್ತಿತ್ತು. ರೈಟರು ಮೆಲ್ಲಗೆ ಹೇಳಿದರು: "ಇವನಿಗೆ ಗೊತ್ತಿಲ್ಲ ಮೇಡಂ. ಸತ್ತ ಹುಡುಗ ಆ ಅಜ್ಜನ ಮಗ."

4.50ಕ್ಕೆ ಇನ್‌ಸ್ಪೆಕ್ಟರ್, ರೈಟರು ಹಿಂದಿನ ಬೀದಿಯಲ್ಲಿದ್ದ ಅಜ್ಜನ ಅಂಗಡಿಗೆ ಹೋದರು. ಸೈಕಲ್ ರಿಪೇರಿ ಅಂಗಡಿಯ ಪಕ್ಕ ಒಂದೇ ಕೋಣೆ. ಮುದುಕ ಯಾರೋ ಹಲ್ಲಿನ ಡಾಕ್ಟರ ಬೋರ್ಡು ಬರೆಯುತ್ತಿದ್ದ. ಮಗಳು ಬಣ್ಣ ಕಲಸುತ್ತಿದ್ದವಳು ಎದ್ದು ನಿಂತಳು.

"ಅಪ್ಪಾ, ಬಂದ್ರು."

"ಬರ್ಲಿ. ಈ ಅಕ್ಷರ ಮುಗಿಸ್ತೀನಿ."

ಇನ್‌ಸ್ಪೆಕ್ಟರ್ ಕಾದರು. ಆಮೇಲೆ ಕೇಳಿದರು: "ಠಾಣೇಲಿ ಬರೆದಿದ್ದು ನೀವೇನಾ?"

"ನಾನೇ. ಮೊದಲ ಸಲ ಬರೆದಿದ್ದೂ ನಾನೇ."

"ಅವರ ಹೆಸರು ಹೋದ್ರೆ ನಿಮಗೇ ಸಮಾಧಾನ ಅಲ್ವಾ?"

"ಶಿಕ್ಷೆ ಆದಾಗ ಸಮಾಧಾನ ಆಯ್ತಮ್ಮ. ಅಳಿಸಿದ್ರು ಅಂತ ಕೇಳಿದಾಗ ಹೊಟ್ಟೆಗೆ ಬೆಂಕಿ ಬಿತ್ತು. ಹತ್ತು ಆದ್ಮೇಲೆ ಹನ್ನೆರಡು. ಮಧ್ಯದಲ್ಲಿ ಠಾಣೆಗೆ ಯಜಮಾನನೇ ಇರಲಿಲ್ಲ ಅಂತೀರಾ? ಹಾಗಾದ್ರೆ ನನ್ನ ಮಗ ಯಾರ ಕೈಲಿ ಸತ್ತ?"

"ತಾರೀಖು ಯಾಕೆ ಬದಲಾಯ್ತು?"

"ಅವನನ್ನ ಕೊಂದ ದಿನವೇ ಅವರ ಅಧಿಕಾರ ಮುಗೀತು. ಆಮೇಲೂ ಒಂಬತ್ತು ದಿನ ಅದೇ ಕುರ್ಚೀಲಿ ಕೂತಿದ್ರಲ್ಲ, ಅದು ತಪ್ಪು. ತಿದ್ದಿದೆ ಅಷ್ಟೆ."

ದಸ್ತಗಿರಿಯ ಮಾತು ಬಂದಾಗ ಮಗಳು ಅಡ್ಡ ನಿಂತಳು. "ನನ್ನ ತಮ್ಮನ್ನೂ ಹೀಗೇ, ಎರಡು ಮಾತು ಕೇಳೋಕಿದೆ ಅಂತ ಕರ್ಕೊಂಡು ಹೋದ್ರಿ."

ಇನ್‌ಸ್ಪೆಕ್ಟರಿಗೆ ನಾಚಿಕೆಯಾಯಿತು. "ನೀವೂ ಬನ್ನಿ ಅಕ್ಕ," ಎಂದರು. "ಮನೆಗೆ ಹೋಗೋ ತನಕ ಅಪ್ಪನ ಪಕ್ಕದಿಂದ ಏಳಬೇಡಿ."

5.30ಕ್ಕೆ ದಸ್ತಗಿರಿ. 6.20ಕ್ಕೆ ಹೇಳಿಕೆ ಮುಗಿದು, ಮಗಳ ಜಾಮೀನಿನ ಮೇಲೆ ಮುದುಕನನ್ನು ಠಾಣೆಯಿಂದಲೇ ಬಿಟ್ಟರು. ಬರೆದವರು ಯಾರೆಂದು ತಿಳಿದ ಮೇಲೆ ಚಪ್ಪಾಳೆಯವರು ಮೊದಲು ಜಾಗ ಖಾಲಿ ಮಾಡಿದರು. ಕಾರ್ಯದರ್ಶಿ ಒಳಗೆ ಬಂದು, ದೂರು ವಾಪಸು ತಗೊಳ್ಳಲೇ ಎಂದು ತಲೆ ಕೆರೆದುಕೊಂಡರು.

"ಬೇಡ, ಇರ್ಲಿ," ಎಂದರು ಇನ್‌ಸ್ಪೆಕ್ಟರ್.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಏನೆಂದು ಬರೆಯುವುದೋ ರೈಟರಿಗೆ ತಿಳಿಯಲಿಲ್ಲ. ಇನ್‌ಸ್ಪೆಕ್ಟರ್ ಹೇಳಿದ್ದನ್ನೇ ಬರೆದರು: ದಾಖಲೆಯಲ್ಲಿದ್ದ ತಪ್ಪು ತಿದ್ದುವುದು.

6.45ಕ್ಕೆ ಮತ್ತೆ ಫೋನು ಬಂತು.

"ಆರೋಪಿ ಸಿಕ್ಕಿದನಲ್ಲ, ಒಳ್ಳೇದು. ಮೊದಲು ಆ ಹೆಸರು ಅಳಿಸಿ."

"ಆಗಲ್ಲ ಸರ್. ಪಂಚನಾಮೆ ಆಗಿದೆ. ಬೋರ್ಡೇ ಈಗ ಸಾಕ್ಷ್ಯ. ಕೇಸು ಮುಗಿಯೋ ತನಕ ಯಾರೂ ಮುಟ್ಟೋ ಹಾಗಿಲ್ಲ."

"ಯಾವಾಗ ಮುಗಿಯುತ್ತೆ ಇದು?"

"ಹೇಗೆ ಹೇಳ್ಲಿ ಸರ್? ಆ ಅಜ್ಜನ ಮಗನ ಕೇಸಿಗೆ ಏಳು ವರ್ಷ ಹಿಡೀತು."