ಮಾವನ ಹೆಸರಿನ ಡಲ್ಸಿಮರ್

ಒಡೆದ ಕಾಗದವನ್ನು ಕೈಯಲ್ಲಿ ಹಿಡಿದು ಆರ್ಫಾ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದಳು. ಕಾಗದ ಸೊಸೆ ವರ್ಡಿಯ ಹೆಸರಿಗೆ ಬಂದದ್ದು. ಬೆಟ್ಟದಾಚೆಯ ಕರಕುಶಲ ಶಾಲೆಯವರು ಡಲ್ಸಿಮರ್ ವಾದ್ಯ ಮಾಡುವುದನ್ನು ಕಲಿಸಲು ಅವಳನ್ನು ಕರೆದಿದ್ದರು. ಇರಲು ಒಂದು ಕೋಣೆಯನ್ನೂ ಕೊಡುವವರಿದ್ದರು.

“ನೀನೇ ಮಾಡ್ತೀಯ ಅಂತ ಅವರಿಗೆ ಯಾರು ಹೇಳಿದ್ದು?”

“ಬೇಸಿಗೇಲಿ ಬಂದಿದ್ದ ಆ ಶಾಲೆ ಟೀಚರಮ್ಮ ಕಿಟಕಿಯಿಂದ ನೋಡಿದ್ರಂತೆ, ಅತ್ತೆ. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ.”

ನಿಜ, ಬಿಟ್ಟಿರಲಿಲ್ಲ... ಆರು ವರ್ಷಗಳಿಂದ! ವರ್ಡಿಯ ಗಂಡ ಕ್ಲೀಟಸ್ ಕಲ್ಲಿದ್ದಲ ಗಣಿಯಲ್ಲಿ ಸತ್ತ ವರ್ಷವೇ ಮಾವ ಹೋಬರ್ಟನ ಕೈಗಳಿಗೆ ನಡುಕ ಹತ್ತಿತ್ತು. ಕೆಂಟಕಿಯ ಆ ಕಣಿವೆಯಲ್ಲಿ ಅವನ ಡಲ್ಸಿಮರ್ ಎಂದರೆ ಮನೆಮಾತು; ತೊಡೆಯ ಮೇಲಿಟ್ಟು ಮೀಟಲು ಮೂರೇ ತಂತಿ, ಆದರೆ ಎದೆ ಹಿಂಡುವ ದನಿ. ಮಾವ ಕುರ್ಚಿಯಲ್ಲಿ ಕೂತು ಹೇಳಿಕೊಟ್ಟ, ಸೊಸೆ ಹಲಗೆ ಸೀಳಿದಳು, ಬಿಸಿನೀರಲ್ಲಿ ನೆನೆಸಿ ಬಗ್ಗಿಸಿದಳು, ಸಣ್ಣ ಗರಗಸದಿಂದ ರಂಧ್ರ ಕೊರೆದಳು. ಯಾರಾದರೂ ಬಂದರೆ ಅತ್ತೆ ಅವಳನ್ನು ಹಿಂಬಾಗಿಲಿನಿಂದ ಕೋಳಿಗೂಡಿನತ್ತ ಅಟ್ಟುತ್ತಿದ್ದಳು. ಮಾವನಿಗೆ ಉಣಿಸುವುದು, ಅಂಗಿಯ ಗುಂಡಿ ಹಾಕುವುದು ಕೂಡ ವರ್ಡಿಯೇ. ಹೊರಗೆ ಹೋಗುವ ದಿನ ಅವನ ಊಟ ಮನೆಯಲ್ಲೇ ಮುಗಿಯುತ್ತಿತ್ತು; ನಡುಕ ಊರವರಿಗೆ ಕಾಣದಂತೆ ಅತ್ತೆ ಅವನ ಕೈಗಳನ್ನು ಕೋಟಿನ ಜೇಬಿಗೆ ಸೇರಿಸುತ್ತಿದ್ದಳು. ಆ ಮನೆಯಲ್ಲಿ ಉಸಿರಾಡುವುದಕ್ಕೂ ಅಪ್ಪಣೆ ಬೇಕೇನೋ ಎಂದು ಅವಳಿಗೆ ಅನಿಸುತ್ತಿತ್ತು.

ಶನಿವಾರ ಮಧ್ಯಾಹ್ನ ಊರವರೆಲ್ಲ ಎಂದಿನಂತೆ ಹಳೇ ಶಾಲೆಯಲ್ಲಿ ಸೇರಿದರು. ಬೇಯಿಸಿದ ಬೀನ್ಸು, ಮೆಕ್ಕೆಜೋಳದ ಬ್ರೆಡ್ಡು ಮುಗಿದ ಮೇಲೆ ಹನ್ನೊಂದು ಡಲ್ಸಿಮರ್‌ಗಳು ಒಟ್ಟಿಗೆ ನುಡಿದವು. ಅವುಗಳಲ್ಲಿ ಎಂಟು ವರ್ಡಿ ಮಾಡಿದವು... ಅವಳು ಮೂಲೆಯಲ್ಲಿ ತಟ್ಟೆ ತೊಳೆಯುತ್ತಾ ಕೇಳಿದಳು. ಪಾದ್ರಿ ಎದ್ದು ಹೋಬರ್ಟನ ಕೈಚಳಕವನ್ನು ಕೊಂಡಾಡಿದ. ಮುದುಕ ಕುರ್ಚಿ ಹಿಡಿದು ನಿಂತ.

“ನಾನಲ್ಲ ಮಾಡಿದ್ದು. ಆರು ವರ್ಷದಿಂದ ನಮ್ಮ ವರ್ಡಿನೇ ಮಾಡ್ತಿದಾಳೆ. ನನ್ನ ಕೈಲಿ ಚಮಚ ಹಿಡಿಯೋಕೂ ಆಗಲ್ಲ.”

ಆರ್ಫಾಳ ಮುಖ ಬಿಳಿಚಿತು. ಪಾದ್ರಿ ಮಾತ್ರ ನಕ್ಕುಬಿಟ್ಟ. “ಎಂಥ ದೊಡ್ಡ ಮನಸ್ಸು ನೋಡ್ರಪ್ಪಾ! ಗಂಡ ಇಲ್ಲದ ಸೊಸೆಗೆ ಮರ್ಯಾದೆ ಇರ್ಲಿ ಅಂತ ತನ್ನ ಹೆಸರನ್ನೇ ಬಿಟ್ಟುಕೊಡ್ತಿದಾನೆ.”

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಂಥ ಮಾವನನ್ನು ಪಡೆದದ್ದು ಪುಣ್ಯ ಎಂದು ಹೆಂಗಸರು ವರ್ಡಿಯ ಬೆನ್ನು ಸವರಿದರು. ಮುದುಕ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹಾಡು ಶುರುವಾಗಿತ್ತು. ವರ್ಡಿಗೆ ಕೂಗಿ ಹೇಳಬೇಕೆನಿಸಿತು... ಈಗ ಬಾಯಿ ತೆರೆದರೆ ಅವಳೇ ಕೃತಘ್ನೆ!

ಸೋಮವಾರ ಹೊಸದೊಂದು ಡಲ್ಸಿಮರ್ ಮುಗಿಯುವ ಹಂತಕ್ಕೆ ಬಂತು. ಬೆನ್ನಿನ ಹಲಗೆ ಅಂಟಿಸುವ ಮೊದಲು ಮಾಡಿದವರ ಹೆಸರು ಬರೆದ ಚೀಟಿಯನ್ನು ಒಳಗೆ ಅಂಟಿಸಬೇಕು.

“ನಿನ್ನ ಹೆಸರೇ ಬರಿ ಮಗಳೇ,” ಎಂದ ಹೋಬರ್ಟ್.

ಆರ್ಫಾ ಒಳಬಂದು ಮರದ ಹೊಟ್ಟಿನ ಮೇಲೆಯೇ ಕುಸಿದು ಕೂತಳು. ಅವಳ ದನಿಯಲ್ಲಿ ಅಂದು ಗದರಿಕೆ ಇರಲಿಲ್ಲ. “ಮಗ ಹೋದ. ಇವರಿಗೆ ಉಳಿದಿರೋದು ಆ ಹೆಸರೊಂದೇ ಕಣೇ... ಇವರು ಇರೋವರೆಗೆ ಇದ್ದುಬಿಡು. ಆಮೇಲೆ ನಾನೇ ನಿನ್ನನ್ನ ಬಸ್ಸು ಹತ್ತಿಸ್ತೀನಿ.”

ವರ್ಡಿ ಮಾವನತ್ತ ನೋಡಿದಳು. ಅವನ ಕಣ್ಣೀರು ಗಡ್ಡಕ್ಕಿಳಿಯುತ್ತಿತ್ತು. ಒರೆಸಿಕೊಳ್ಳಲು ಎತ್ತಿದ ಕೈ ಕೆನ್ನೆಯವರೆಗೂ ತಲುಪಲಿಲ್ಲ. ಅವಳೇ ಒರೆಸಿದಳು. ಆಮೇಲೆ ಚೀಟಿಯ ಮೇಲೆ ‘ಹೋಬರ್ಟ್ ಸ್ಟಾಂಪರ್’ ಎಂದು ದುಂಡಗೆ ಬರೆದು ಅಂಟಿಸಿದಳು.

ಬೇರೊಂದು ಹಾಳೆ ತೆಗೆದುಕೊಂಡು, ತನಗೆ ಬರಲಾಗುವುದಿಲ್ಲ ಎಂದು ಶಾಲೆಗೆ ಎರಡು ಸಾಲು ಗೀಚಿದಳು. ಅದರ ಕೆಳಗೆ ಮಾತ್ರ ತನ್ನ ಹೆಸರು ಬರೆದಳು.