ಓದದೆ ಒಪ್ಪಿದ ಕಾನೂನು

ಬಹಳ ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಸಿಂಗಾರಗಿರಿ ಎಂಬ ರಾಜ್ಯವಿತ್ತು. ಅಲ್ಲಿ ರಾಜನೇನೋ ಇದ್ದ, ಆದರೆ ಕಾನೂನು ಮಾಡುವವನು ಅವನಲ್ಲ. ಜನ ಆರಿಸಿ ಕಳಿಸಿದ ನೂರು ಮಂದಿಯ ಸಭೆ ಅದನ್ನು ಮಾಡುತ್ತಿತ್ತು. ಮಸೂದೆಯನ್ನು ಮೂರು ದಿನ, ಮೂರು ಸಲ ಓದಬೇಕು. ಕೊನೆಗೆ ಹೆಚ್ಚು ಮಂದಿ ‘ಹೌದು’ ಎಂದರೆ ರಾಜ ಮುದ್ರೆ ಒತ್ತಬೇಕು. ಮುದ್ರೆ ಬಿತ್ತೆಂದರೆ ಗಾಳಿ, ನೀರು, ಗಿಡಮರ ಎಲ್ಲವೂ ಅದರ ಮಾತು ಕೇಳುತ್ತಿದ್ದವು.

ಅಂಥ ಸಭೆಗೆ ಜಾಲೇಂದ್ರನೆಂಬ ಮಾಂತ್ರಿಕ ಹಿರಿಯ ಮಂತ್ರಿಯಾದ. ಸಭೆಯ ಗಂಟೆ ಬಾರಿಸಿದೊಡನೆ ಅವನ ಕಡೆಯ ಎಪ್ಪತ್ತು ಮಂದಿ ಗಿಳಿಗಳಾಗುತ್ತಿದ್ದರು. ಊಟದ ಹೊತ್ತಿಗೆ ಮತ್ತೆ ಮನುಷ್ಯರು. “ಓದಿದ್ದಾಯಿತು ಎಂದುಕೊಳ್ಳೋಣವೇ?” ಎಂದು ಅವನು ಕೇಳಿದರೆ ಗಿಳಿಗಳು “ಹೌದು, ಹೌದು!” ಎನ್ನುತ್ತಿದ್ದವು. ಮುಂದೆ ಸೀಬೆಹಣ್ಣಿನ ತಟ್ಟೆ ಇದ್ದರೆ ಅವಕ್ಕೆ ಅಷ್ಟೇ ಸಾಕು. ಉಳಿದವರು ಅವನ ಪೀಠದ ಬಳಿ ಮಲಗಿರುತ್ತಿದ್ದ ಮಾಯದ ಹುಲಿಗೆ ಹೆದರಿ ಏಳುತ್ತಿರಲಿಲ್ಲ. ನಾಚಿಕೆಗೇಡಿನ ಬಾಳು!

ಹರಿಗೋಲು ಹಾಕುವ ಮಾಳವ್ವನೂ ಆ ಸಭೆಯಲ್ಲಿದ್ದಳು. ಬಂದ ಮೊದಲ ದಿನ ಏನೂ ತಿಳಿಯದೆ, ಕೇಳಲು ನಾಚಿ, ಅವಳೂ ಒಂದು ಮಸೂದೆಗೆ ‘ಹೌದು’ ಎಂದಿದ್ದಳು. ಮರುದಿನ ಊರಿನ ಗೋಮಾಳ ಮಾಂತ್ರಿಕನ ತೋಟದೊಳಗೆ ನಡೆದುಹೋಗಿತ್ತು. ಆ ಸಂಕಟ ಅವಳ ಎದೆಯಿಂದ ಇಳಿದಿರಲಿಲ್ಲ.

ಈಗ ‘ಹೊಳೆ ರಕ್ಷಣೆ ಮಸೂದೆ’ ಬಂತು. ಅದನ್ನು ಬರೆದ ಲಿಪಿಕಾರ ತಡೆಯಲಾರದೆ ಅವಳಿಗೆ ಹೇಳಿಬಿಟ್ಟ: “ಇಡೀ ಹೊಳೆ ಜಾಲೇಂದ್ರನ ಕಮಂಡಲದೊಳಗೆ ಹೋಗ್ತದವ್ವ.”

ಮಾಳವ್ವ ರಾಜನ ಹತ್ತಿರ ಓಡಿದಳು. ರಾಜ ತಲೆ ತಗ್ಗಿಸಿದ. “ಸಭೆ ಒಪ್ಪಿದ್ದಕ್ಕೆ ನಾನು ಮುದ್ರೆ ಒತ್ತಲೇಬೇಕು, ತಾಯಿ. ತಡೆಯುವುದು ನಿಮ್ಮ ಕೆಲಸ. ಒಬ್ಬ ಸದಸ್ಯ ಎದ್ದು ನಿಂತು ‘ಓದಿ’ ಎಂದರೂ ಪೂರ್ತಿ ಓದಲೇಬೇಕು. ಅದು ಸಭೆಯ ಕಟ್ಟಳೆ.”

ಮೊದಲ ದಿನ ಮಾಳವ್ವ ಎದ್ದು ನಿಂತು “ಓದ್ರಿ!” ಎಂದಳು. ಮಂತ್ರಿಯ ಮಾಯದ ಹುಲಿ ಘರ್ಜಿಸಿತು. ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಓದಿದ್ದಾಯಿತು ಎಂದುಕೊಂಡರು.

ಎರಡನೆಯ ದಿನ ಅವಳು ಏಳಲು ಹೋದರೆ ಪೀಠ ಅವಳನ್ನು ಅಂಟಿನಂತೆ ಹಿಡಿದುಕೊಂಡಿತು. “ಸಭಾಪತಿಗಳೇ, ಇತ್ತ ನೋಡ್ರಿ!” ಎಂದು ಕೂಗಿದಳು. ಮುದಿ ಸಭಾಪತಿ ಕಂಡೂ ಕಾಣದವನಂತೆ, “ಕೂತವರ ಮಾತು ಕಡತಕ್ಕೆ ಹೋಗುವುದಿಲ್ಲ” ಎಂದ. ಓದಿದ್ದಾಯಿತು ಎಂದುಕೊಂಡರು.

ಮಾಳವ್ವನ ಮೈಯೆಲ್ಲ ಉರಿಯಿತು. ಇವರನ್ನು ಆರಿಸಿ ಕಳಿಸಿದ್ದು ಹಣ್ಣು ತಿನ್ನುವುದಕ್ಕೋ?

ಮೂರನೆಯ ದಿನ ಅವಳು ಕೂರಲೇ ಇಲ್ಲ. ಗಂಟೆಗೆ ಮೊದಲೇ ಬಂದು ನಿಂತಳು. ಹುಲಿ ಬಾಯಿ ತೆರೆಯಿತು. ಅವಳು ಕೈಗಳನ್ನು ಬಾಯಿಯ ಎರಡೂ ಬದಿಗೆ ಹಿಡಿದು, ತುಂಬಿದ ಹೊಳೆಯ ಆಚೆ ದಡಕ್ಕೆ ಕೂಗುವ ಹರಿಗೋಲಿನ ಕೂಗು ಹಾಕಿದಳು: “ಓದ್ರಿ ಓ...!” ಘರ್ಜನೆ ಅದರಲ್ಲಿ ಮುಳುಗಿಹೋಯಿತು. ಕೇಳಿಸಲಿಲ್ಲ ಎನ್ನಲು ಸಭಾಪತಿಗೂ ಬಾಯಿ ಬರಲಿಲ್ಲ.

“ಓದಬೇಕು” ಎಂದ.

ಜಾಲೇಂದ್ರ ಹಲ್ಲು ಕಡಿಯುತ್ತ ಓದಿದ: “ಇನ್ನು ಮುಂದೆ ನೀರಿಲ್ಲದ ಊರುಗಳು: ಕಲ್ಲಹಳ್ಳಿ...”

“ಅಯ್ಯೋ, ಅದು ನಮ್ಮೂರು!” ಒಂದು ಗಿಳಿ ಮನುಷ್ಯನ ದನಿಯಲ್ಲಿ ಚೀರಿ ಮನುಷ್ಯನೇ ಆಯಿತು.

“ಬೇವಿನಕೊಪ್ಪ...”

“ನಮ್ಮವ್ವ ಅಲ್ಲೇ ಅದಾಳಲ್ರೀ!” ಇನ್ನೊಂದು ಗಿಳಿ.

ಊರಿನ ಹೆಸರು ಬಂದಂತೆಲ್ಲ ರೆಕ್ಕೆ ಉದುರಿ ಕೈ ಮೂಡಿದವು. ಪಟ್ಟಿ ಮುಗಿಯುವಷ್ಟರಲ್ಲಿ ಸಭೆಯಲ್ಲಿ ಒಂದು ಗಿಳಿಯೂ ಉಳಿದಿರಲಿಲ್ಲ. ಒಪ್ಪಿಗೆ ಕೇಳಿದಾಗ ತೊಂಬತ್ತೊಂಬತ್ತು ಬಾಯಿ “ಇಲ್ಲ!” ಎಂದವು. ‘ಹೌದು’ ಎಂದವನು ಜಾಲೇಂದ್ರನೊಬ್ಬನೇ.

ಸಭೆಯ ನಂಬಿಕೆ ಕಳೆದುಕೊಂಡ ಮಂತ್ರಿಯನ್ನು ಪೀಠ ಇಟ್ಟುಕೊಳ್ಳುವುದಿಲ್ಲ. ಅದು ಅವನನ್ನು ಎತ್ತಿ ಬಾಗಿಲಾಚೆ ಎಸೆಯಿತು. ಅವನ ಮಂತ್ರವೆಲ್ಲ ಇದ್ದದ್ದು ಆ ಪೀಠದಲ್ಲೇ. ಹುಲಿ ಬೆಕ್ಕಾಗಿ ಓಡಿತು. ಗೋಮಾಳದ ಕಾನೂನನ್ನು ಮೂರು ಸಲ ಓದಿ ರದ್ದು ಮಾಡಿದರು. ರಾಜ ಮುದ್ರೆ ಒತ್ತಿದ. ಗೋಮಾಳ ನಡೆದು ಮನೆಗೆ ಬಂತು.

ಹೊಳೆ ಹರಿಯಿತು, ಎಲ್ಲರೂ ಸುಖವಾಗಿದ್ದರು. ಆದರೆ ಗಿಳಿಯಾಗಿದ್ದವರ ಕಿವಿಯ ಹಿಂದೆ ಒಂದೊಂದು ಹಸಿರು ಗರಿ ಉಳಿದುಬಿಟ್ಟಿತು. ಅವರು ಅದನ್ನು ರುಮಾಲಿನಿಂದ ಮುಚ್ಚಿಕೊಂಡರು. ಮಾಳವ್ವ ಹೊಳೆಯಲ್ಲಿ ಬಗ್ಗಿ ಮುಖ ನೋಡಿಕೊಂಡಳು. ಓದದೆ ‘ಹೌದು’ ಎಂದ ಆ ಮೊದಲ ದಿನದ್ದು, ಅವಳ ಕಿವಿಯ ಹಿಂದೆಯೂ ಒಂದಿತ್ತು. ಅವಳು ಅದನ್ನು ಮುಚ್ಚಲಿಲ್ಲ.